ಬದಲಿ ಅಧ್ಯಾಪಕರೂ ಅವರ ತರಬೇತಿಯೂ

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಗಿರಣಿಯಲ್ಲಿ ದುಡಿದವರಿಗೆ 'ಬದಲಿ' ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಳಿ ಶುರುವಾಗುವ ಮೊದಲು ಗೇಟಿನ ಬಳಿ ನಿಲ್ಲುವುದು. ಕಾಯಂ ಕೆಲಸಗಾರ ಯಾರಾದರೂ ಬಾರದಿದ್ದರೆ ಒಳಕ್ಕೆ ಹೋಗುವುದು. ಎಲ್ಲರೂ ಬಂದುಬಿಟ್ಟರೆ ಬುತ್ತಿಯನ್ನು ಹಾಗೆಯೇ ಮನೆಗೆ ಹೊತ್ತು ಹೋಗುವುದು. ಮಗ್ಗ ಅದೇ, ನೂಲು ಅದೇ, ಬೆವರೂ ಅದೇ. ಆದರೆ ರಜೆ ಇಲ್ಲ, ನಾಳೆಯ ಭರವಸೆ ಇಲ್ಲ. ಈ ದಿನ ನಾನು ಮಾತಾಡಬೇಕೆಂದಿರುವುದು ಕಾಲೇಜಿನ ಬದಲಿಗಳ ವಿಷಯ, ಅವರಿಗೆ ಕೊಡುವ ತರಬೇತಿಯ ವಿಷಯ. ಇದು ಪ್ರೊಫೆಸರುಗಳ ಜಗಳ, ನಮಗೇನು ಎಂದು ಎದ್ದು ಹೋಗಬೇಡಿ. ನಿಮ್ಮ ಮಗಳಿಗೆ ಲೆಕ್ಕ ಹೇಳಿಕೊಡುವವರು ಯಾರು, ಅವರಿಗೆ ಹೇಳಿಕೊಡುವುದನ್ನು ಕಲಿಸಿದವರು ಯಾರು ಎಂಬುದು ನಿಮ್ಮ ಮನೆಯ ಪ್ರಶ್ನೆ.

ಈ ಪ್ರಶ್ನೆ ದೊಡ್ಡದಾಗಿ ಎದ್ದಿರುವುದು ಅಮೆರಿಕ, ಕೆನಡಾ ದೇಶಗಳ ಕಮ್ಯೂನಿಟಿ ಕಾಲೇಜುಗಳಲ್ಲಿ. ಇವು ದುಡಿಯುವ ಜನರ ಕಾಲೇಜುಗಳು. ಅಮೆರಿಕದಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಹೈಸ್ಕೂಲಿಗೆ ಅಂಟಿಸಿದಂತೆ ಎರಡು ವರ್ಷದ ಒಂದು ಕಾಲೇಜು ಆರಂಭವಾಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಸಮಿತಿಯು ಇಂಥವು ದೇಶದ ತುಂಬ ಆಗಬೇಕೆಂದು ಹೇಳಿತು. ಈಗ ಅಲ್ಲಿ ಸುಮಾರು ಒಂದು ಸಾವಿರ ಇವೆ. ನಮ್ಮ ಐ.ಟಿ.ಐ., ಪಾಲಿಟೆಕ್ನಿಕ್, ಸಂಜೆ ಕಾಲೇಜು, ವಯಸ್ಕರ ಶಾಲೆ ಈ ನಾಲ್ಕನ್ನೂ ಒಂದೇ ಸೂರಿನಡಿ ಇಟ್ಟರೆ ಹೇಗೋ ಹಾಗೆ. ಒಂದು ಕೋಣೆಯಲ್ಲಿ ಮೋಟಾರು ರಿಪೇರಿ, ಪಕ್ಕದಲ್ಲಿ ದಾದಿಯರ ತರಗತಿ, ಮೇಲೆ ಪದವಿಯ ಮೊದಲೆರಡು ವರ್ಷದ ಗಣಿತ. ವಿದ್ಯಾರ್ಥಿಗಳಲ್ಲಿ ಗೋದಾಮಿನಲ್ಲಿ ಮೂಟೆ ಇಳಿಸಿ ಬಂದವರು, ಅಂಗಡಿಯ ಬಾಗಿಲು ಹಾಕಿ ಬಂದವರು, ಮಕ್ಕಳನ್ನು ನೆರೆಯವರ ಬಳಿ ಬಿಟ್ಟು ಬಂದ ತಾಯಂದಿರು ಇದ್ದಾರೆ. ಶುಲ್ಕ ವಿಶ್ವವಿದ್ಯಾನಿಲಯಗಳಿಗಿಂತ ಬಹಳ ಕಡಿಮೆ.

ಇಲ್ಲಿ ಕಲಿಸುವವರು ಎಂಥವರು? ಇಪ್ಪತ್ತು ವರ್ಷ ಬೆಸುಗೆ ಹಾಕಿದವನು, ಹೋಟೆಲಿನಲ್ಲಿ ಅಡುಗೆ ಮಾಡಿದವನು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದ ದಾದಿ, ಇಲ್ಲವೇ ಗಣಿತದಲ್ಲಿ ಎಂ.ಎ. ಮಾಡಿದವನು. ತಮ್ಮ ಕಸುಬು ಇವರಿಗೆ ಚೆನ್ನಾಗಿ ಗೊತ್ತು, ಆದರೆ ಅದನ್ನು ಇನ್ನೊಬ್ಬರಿಗೆ ಹೇಗೆ ದಾಟಿಸಬೇಕೆಂದು ಯಾರೂ ಇವರಿಗೆ ಕಲಿಸಿಲ್ಲ. ನಮ್ಮಲ್ಲೂ ನೋಡಿ: ಹೈಸ್ಕೂಲಿನಲ್ಲಿ ಪಾಠ ಹೇಳಲು ಬಿ.ಎಡ್. ಬೇಕು, ಕಾಲೇಜಿನಲ್ಲಿ ಹೇಳಲು ಬೇಡ. ಹದಿನಾರು ವರ್ಷದ ಹುಡುಗನಿಗೆ ಕಲಿಸುವುದು ವಿದ್ಯೆ, ಹದಿನೆಂಟರವನಿಗೆ ಕಲಿಸುವುದು ತಾನಾಗಿ ಬರುತ್ತದೆಂದು ಲೆಕ್ಕ!

ಆದ್ದರಿಂದ ಆ ಕಾಲೇಜುಗಳು ಅಧ್ಯಾಪಕರಿಗಾಗಿ ಶಿಬಿರ ನಡೆಸುತ್ತವೆ. ಅದಕ್ಕೆ ವರ್ಕ್‌ಷಾಪ್ ಎಂದು ಹೆಸರು. ನಮಗೆ ವರ್ಕ್‌ಷಾಪ್ ಎಂದರೆ ಲೇತು, ಗ್ರೀಸು, ಕೈಗೆ ಗಾಯ. ಅನೇಕ ಶಿಬಿರಗಳಲ್ಲಿ ಇವು ಯಾವುವೂ ಇರುವುದಿಲ್ಲ. ಹೊರಗಿನ ಪಂಡಿತನೊಬ್ಬ ಬಂದು, ಪರದೆಯ ಮೇಲೆ ಚಿತ್ರ ಬಿಟ್ಟು, 'ವಿದ್ಯಾರ್ಥಿಯೇ ಕೇಂದ್ರ' ಎಂದು ಎರಡು ಗಂಟೆ ಒಬ್ಬನೇ ಮಾತಾಡಿ, ಊಟ ಮಾಡಿ ಹೋಗುತ್ತಾನೆ. ಅಂಥವುಗಳ ಮಾತು ಸಾಕು.

ನಿಮ್ಮ ಮುಂದೆ ಇಡಬೇಕೆಂದಿರುವುದು ಬೇರೆ ರೀತಿಯ ಒಂದು ಶಿಬಿರ. 1970ರ ದಶಕದ ಕೊನೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಕಾಲೇಜುಗಳಲ್ಲಿ ಇದು ಹುಟ್ಟಿತು. ಇನ್‌ಸ್ಟ್ರಕ್ಷನಲ್ ಸ್ಕಿಲ್ಸ್ ವರ್ಕ್‌ಷಾಪ್ ಎಂದು ಕರೆಯುತ್ತಾರೆ. ನಾವು ಬೋಧನಾ ಕೌಶಲ ಶಿಬಿರ ಎನ್ನೋಣ. ಒಟ್ಟು 24 ಗಂಟೆಗಳ ಕೆಲಸ, ಮೂರು ನಾಲ್ಕು ದಿನಗಳಲ್ಲಿ. ಕೂರುವವರು ಐದಾರು ಜನ ಮಾತ್ರ. ಭಾಷಣ ಮಾಡಲು ಯಾರೂ ಬರುವುದಿಲ್ಲ. ಒಬ್ಬೊಬ್ಬರೂ ಹತ್ತು ನಿಮಿಷದ ಪಾಠ ಮಾಡಬೇಕು, ಉಳಿದವರು ವಿದ್ಯಾರ್ಥಿಗಳಾಗಿ ಕೂತು ನಿಜವಾಗಿಯೂ ಕಲಿಯಬೇಕು. ಅಡುಗೆಯವನು ಚಾಕು ಹಿಡಿಯುವುದನ್ನು ಕಲಿಸಬಹುದು, ದಾದಿ ನಾಡಿ ನೋಡುವುದನ್ನು, ಲೆಕ್ಕದ ಮೇಷ್ಟ್ರು ಭಿನ್ನರಾಶಿಯನ್ನು. ಪಾಠ ಮುಗಿದ ಮೇಲೆ ಕಲಿತವರು ಮೊದಲು ಬರೆದು, ಆಮೇಲೆ ಬಾಯಲ್ಲಿ ಹೇಳುತ್ತಾರೆ. ಹೇಳುವುದಕ್ಕೂ ಒಂದು ರೀತಿಯಿದೆ. 'ನೀನು ಕೆಟ್ಟ ಮೇಷ್ಟ್ರು' ಎನ್ನುವಂತಿಲ್ಲ. 'ನೀವು ಬೋರ್ಡಿನ ಕಡೆ ತಿರುಗಿ ಮಾತಾಡಿದಾಗ ನನಗೆ ಎಳೆ ತಪ್ಪಿತು' ಎನ್ನಬಹುದು. ಶಿಬಿರ ಮುಗಿಯುವುದರೊಳಗೆ ಹೀಗೆ ಒಬ್ಬೊಬ್ಬರಿಗೂ ಮೂರು ಸರದಿ. ಮೊದಲ ಪಾಠದಲ್ಲಿ ಎಡವಿದ್ದನ್ನು ಎರಡನೆಯದರಲ್ಲಿ ತಿದ್ದಿಕೊಳ್ಳುವುದಕ್ಕೆ ಅವಕಾಶವಿದೆ ಎಂಬುದೇ ಇದರ ಸತ್ವ.

ಪಾಠ ಕಟ್ಟಲು ಅವರು ಆರು ಮೆಟ್ಟಿಲು ಇಟ್ಟಿದ್ದಾರೆ. ಮೊದಲು ಕಲಿಯುವವನ ಮನಸ್ಸನ್ನು ವಿಷಯದ ಕಡೆ ತಿರುಗಿಸು. ಪಾಠದ ಕೊನೆಗೆ ಅವನು ಏನು ಮಾಡಬಲ್ಲವನಾಗಬೇಕೆಂದು ಹೇಳು. ಅವನಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಿ ತಿಳಿದುಕೊ. ಅವನ ಕೈಯಿಂದಲೇ ಮಾಡಿಸು. ಕಲಿತನೋ ಇಲ್ಲವೋ ನೋಡು. ಕೊನೆಗೆ ಎಲ್ಲವನ್ನೂ ಒಟ್ಟುಗೂಡಿಸಿ ಮುಗಿಸು. ಹೊಸ ಹುಡುಗನಿಗೆ ಹರಿದ ಎಳೆ ಜೋಡಿಸುವುದನ್ನು ಕಲಿಸುವ ಒಳ್ಳೆಯ ಜಾಬರನು ಯಾವ ಪುಸ್ತಕ ಓದದೆಯೂ ಇಷ್ಟನ್ನೂ ಮಾಡುತ್ತಾನೆ. ಅದರಲ್ಲೂ ಮೂರನೆಯ ಮೆಟ್ಟಿಲು ನೋಡಿ. ಮೂವತ್ತು ವರ್ಷ ತಕ್ಕಡಿ ಹಿಡಿದ ಅಂಗಡಿಯವನೊಬ್ಬ ಸಂಜೆ ತರಗತಿಗೆ ಬಂದರೆ ಅವನಿಗೆ ಶೇಕಡಾವಾರು ಲೆಕ್ಕ ಬಾಯಲ್ಲೇ ಬರುತ್ತದೆ. ಬಾರದಿರುವುದು ಕಾಗದದ ಮೇಲಿನ ಚಿಹ್ನೆ ಮಾತ್ರ. ಅದನ್ನು ಕೇಳಿ ತಿಳಿಯದ ಅಧ್ಯಾಪಕ ಅವನನ್ನು ದಡ್ಡನೆಂದು ಬರೆದುಬಿಡುತ್ತಾನೆ.

ನನಗೆ ಅತಿ ಮುಖ್ಯವಾಗಿ ಕಾಣುವುದು, ಈ ಶಿಬಿರವನ್ನು ನಡೆಸುವವರೂ ಅಧ್ಯಾಪಕರೇ ಎಂಬುದು. ತಾನು ಶಿಬಿರದಲ್ಲಿ ಕೂತವನು, ಇನ್ನೂ ಕೆಲವು ದಿನಗಳ ತರಬೇತಿ ಪಡೆದು, ಮುಂದಿನ ಶಿಬಿರ ನಡೆಸುತ್ತಾನೆ. ಇಂದು ಅಡುಗೆ ಕಲಿಸುವವನು ನಾಳೆ ಗಣಿತದ ಪಂಡಿತನ ಪಾಠಕ್ಕೆ ನೆರವಾಗುತ್ತಾನೆ. ಪರೀಕ್ಷೆ, ಅಂಕ, ಮೇಲಧಿಕಾರಿಗೆ ಗುಟ್ಟಿನ ವರದಿ ಯಾವುದೂ ಇಲ್ಲ. ಹೀಗಿರುವುದರಿಂದಲೇ ಜನ ಅಂಜದೆ ತಪ್ಪು ಮಾಡುತ್ತಾರೆ. ಇದು ಕೆನಡಾ ದಾಟಿ ಬೇರೆ ದೇಶಗಳಿಗೂ ಹಬ್ಬಿದೆ.

ಈ ತತ್ವ ನಮಗೆ ಹೊಸದಲ್ಲ. 1958ರಲ್ಲಿ ಕೇಂದ್ರ ಸರ್ಕಾರ ಕಾರ್ಮಿಕ ಶಿಕ್ಷಣ ಮಂಡಲಿಯನ್ನು ಸ್ಥಾಪಿಸಿತು. ಅದರ ಕಛೇರಿ ನಾಗಪುರದಲ್ಲಿ. ಯೂನಿಯನ್ನುಗಳು ಕಳಿಸಿದ ಕೆಲಸಗಾರರನ್ನು ತರಬೇತಿ ಕೊಟ್ಟು 'ಕಾರ್ಮಿಕ ಶಿಕ್ಷಕ'ರನ್ನಾಗಿ ಮಾಡಿ, ಅವರವರ ಕಾರ್ಖಾನೆಗೇ ವಾಪಸು ಕಳಿಸಿ ತರಗತಿ ನಡೆಸುವ ಏರ್ಪಾಡು ಅದು. ಮಗ್ಗದವನಿಗೆ ಮಗ್ಗದವನೇ ಗುರು. ಹಿರಿಯರಿಗೆ ಆ ತರಗತಿಗಳು ನೆನಪಿರಬಹುದು.

ಇನ್ನು ಕಹಿಯಾದ ಭಾಗಕ್ಕೆ ಬರುತ್ತೇನೆ. ಅಮೆರಿಕದ ಕಮ್ಯೂನಿಟಿ ಕಾಲೇಜುಗಳಲ್ಲಿ ಪಾಠ ಹೇಳುವವರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಅರೆಕಾಲದವರು. ಇವರೇ ಆ ದೇಶದ ಬದಲಿಗಳು. ವಿಷಯಕ್ಕಿಷ್ಟು ಎಂದು ಹಣ. ಹುಡುಗರು ಸಾಕಷ್ಟು ಸೇರದಿದ್ದರೆ ತರಗತಿ ಆರಂಭವಾಗುವ ಹೊತ್ತಿಗೆ ಸರಿಯಾಗಿ ಕೆಲಸ ರದ್ದು. ಬೆಳಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಜೆ ಮೂರನೆಯದು, ನಡುವೆ ಹೆದ್ದಾರಿ. ಕ್ಯಾಲಿಫೋರ್ನಿಯಾದಲ್ಲಿ ಇವರನ್ನು 'ಹೆದ್ದಾರಿಯಲ್ಲಿ ಹಾರುವವರು' ಎಂದೇ ಕರೆಯುತ್ತಾರೆ. ಅಮೆರಿಕದ ಅಧ್ಯಾಪಕರ ಒಕ್ಕೂಟವು ದೇಶದ ಕಾಲೇಜುಗಳ ಇಂಥ ಸುಮಾರು 3,000 ತಾತ್ಕಾಲಿಕ ಅಧ್ಯಾಪಕರನ್ನು ವಿಚಾರಿಸಿ 2020ರಲ್ಲಿ ಪ್ರಕಟಿಸಿದ ವರದಿಯಂತೆ, ಮೂರರಲ್ಲೊಬ್ಬರಿಗೆ ವರ್ಷಕ್ಕೆ 25,000 ಡಾಲರಿಗೂ ಕಡಿಮೆ ವರಮಾನ. ಡಾಲರನ್ನು ರೂಪಾಯಿಗೆ ತಿರುಗಿಸಿ ಬೆರಗಾಗಬೇಡಿ. ಅಲ್ಲಿ ನಾಲ್ಕು ಜನರ ಸಂಸಾರಕ್ಕೆ ಇದು ಸರ್ಕಾರವೇ ಗೆರೆ ಎಳೆದ ಬಡತನ.

ಇವರಿಗೆ ಶಿಬಿರಕ್ಕೆ ಬನ್ನಿ ಎಂದರೆ ಹೇಗೆ ಬರುತ್ತಾರೆ? ಮಧ್ಯಾಹ್ನ ಎರಡು ಗಂಟೆಗೆ ಶಿಬಿರವಿಟ್ಟರೆ ಆ ಹೊತ್ತಿಗೆ ಅವರು ಇನ್ನೊಂದು ಊರಿನಲ್ಲಿರುತ್ತಾರೆ. ಎಷ್ಟೋ ಕಡೆ ಆ ಗಂಟೆಗಳಿಗೆ ಕೂಲಿಯೂ ಇಲ್ಲ. ಬರುವವರು ಕಾಯಂ ಆಗಿರುವವರು, ಸ್ವಂತ ಕೋಣೆ ಇರುವವರು. ಹೆಚ್ಚು ತರಗತಿಗಳನ್ನು ತೆಗೆದುಕೊಳ್ಳುವವರು ಯಾರೋ, ತರಬೇತಿ ಪಡೆಯುವವರು ಯಾರೋ! ಆಮೇಲೆ ಫಲಿತಾಂಶ ಕೆಟ್ಟರೆ ಆಡಳಿತದವರು ಹೇಳುವುದು, 'ಅರೆಕಾಲದವರಿಗೆ ಕೌಶಲ ಸಾಲದು' ಎಂದು.

ನಮ್ಮಲ್ಲೇ ಕೆಲವರು ಇದಕ್ಕೆ ಉತ್ತರವಾಗಿ, ತರಬೇತಿಯೆಲ್ಲ ಬೂಟಾಟಿಕೆ, ಸಂಬಳ ಕೊಟ್ಟರೆ ಪಾಠ ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ. ದೊಡ್ಡ ಸಂಬಳ ಪಡೆದು ಹಳೆಯ ನೋಟ್ಸನ್ನು ಬರೆಸುತ್ತಾ ಕೂತವರನ್ನು ನೀವೂ ನೋಡಿದ್ದೀರಿ. ಅದರ ಬೆಲೆ ತೆರುವವನು ಕೂಲಿ ಮಾಡಿ ಶುಲ್ಕ ಕಟ್ಟಿದ ಹುಡುಗ. ಕ್ಯಾಲಿಫೋರ್ನಿಯಾದಲ್ಲಿ 2017ರಲ್ಲಿ ಒಂದು ಕಾನೂನು ಬಂತು: ಲೆಕ್ಕದಲ್ಲೋ ಇಂಗ್ಲಿಷಿನಲ್ಲೋ ಹಿಂದುಳಿದವರೆಂದು ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಕೆಳಗಿನ ತರಗತಿಗಳಲ್ಲಿ ಕೂಡಿಹಾಕಬಾರದು, ಸಾಧ್ಯವಾದ ಮಟ್ಟಿಗೂ ನೇರವಾಗಿ ಕಾಲೇಜು ಮಟ್ಟದ ಪಾಠಕ್ಕೆ ಸೇರಿಸಬೇಕು ಎಂದು. ಬಡವರ ಮಕ್ಕಳಿಗೆ ನ್ಯಾಯವಾದ ಕಾನೂನೇ. ಆದರೆ ಒಂದೇ ಕೋಣೆಯಲ್ಲಿ ಬಲ್ಲವನೂ ಬಾರದವನೂ ಕೂತಾಗ ಹೇಗೆ ಕಲಿಸಬೇಕೆಂಬುದು ಸಂಬಳದ ಚೀಟಿಯಿಂದ ತಿಳಿಯುವುದಿಲ್ಲ. ಅದನ್ನು ಕಲಿಯಲೇಬೇಕು, ಕಲಿಯುವ ಹೊತ್ತಿಗೆ ಕೂಲಿಯೂ ಬೇಕು.

ಎರಡೂ ಒಟ್ಟಿಗೆ ಆಗುವುದು ಸಾಧ್ಯವೇ ಎಂದು ಕೇಳಿದರೆ, ಆ ಶಿಬಿರ ಹುಟ್ಟಿದ ಪ್ರಾಂತದಲ್ಲೇ ಉತ್ತರವಿದೆ. ವ್ಯಾಂಕೂವರ್ ಪಟ್ಟಣದ ಕಮ್ಯೂನಿಟಿ ಕಾಲೇಜಿನಲ್ಲಿ ಅಧ್ಯಾಪಕರ ಸಂಘ ಚೌಕಾಸಿ ಮಾಡಿ ಒಪ್ಪಂದ ಪಡೆದಿದೆ. ಅದರಂತೆ ಅರೆಕಾಲದವರಿಗೂ ಕಾಯಂ ಆದವರಿಗೂ ಒಂದೇ ವೇತನ ಶ್ರೇಣಿ. ಅರ್ಧ ಕೆಲಸಕ್ಕೆ ಸರಿಯಾಗಿ ಅರ್ಧ ಸಂಬಳ. ಎರಡು ವರ್ಷಗಳ ಅವಧಿಯಲ್ಲಿ ಗೊತ್ತುಪಡಿಸಿದಷ್ಟು ಕಾಲ ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಕೆಲಸ ಮಾಡಿದವನು ತಾನಾಗಿಯೇ ಕಾಯಂ ಆಗುತ್ತಾನೆ. ಹೊಸದಾಗಿ ಅರ್ಜಿ ಹಾಕಿ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಅಮೆರಿಕದ ಅರೆಕಾಲದ ಅಧ್ಯಾಪಕರು ಇದನ್ನೇ 'ವ್ಯಾಂಕೂವರ್ ಮಾದರಿ' ಎಂದು ಕರೆದು ತಮ್ಮಲ್ಲೂ ಆಗಬೇಕೆಂದು ಕೇಳುತ್ತಿದ್ದಾರೆ. ಇದನ್ನು ಯಾವ ಮಂತ್ರಿಯೂ ದಯಪಾಲಿಸಲಿಲ್ಲ. ಕಾಯಂ ಆದವರು ಬದಲಿಗಳನ್ನು ಸಂಘದೊಳಗೆ ಸಮನಾಗಿ ಕೂರಿಸಿಕೊಂಡದ್ದರಿಂದ ಬಂತು. ನಮ್ಮ ಗಿರಣಿಗಳಲ್ಲಿ ಎಷ್ಟು ಕಡೆ ಹಾಗೆ ಕೂರಿಸಿಕೊಂಡರು ಎಂಬುದನ್ನು ನಾನು ಇಲ್ಲಿ ಕೆದಕುವುದಿಲ್ಲ.

ಈಗ ನಮ್ಮ ರಾಜ್ಯ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 'ಅತಿಥಿ ಉಪನ್ಯಾಸಕ'ರೆಂಬುವರು 10 ಸಾವಿರಕ್ಕೂ ಮಿಗಿಲಾಗಿ ದುಡಿದಿದ್ದಾರೆ. ಅತಿಥಿ ಎಂದರೆ ನಮ್ಮಲ್ಲಿ ಕಾಲು ತೊಳೆಯಲು ನೀರು ಕೊಟ್ಟು ಎಲೆ ಹಾಕುತ್ತೇವೆ. ಇವರಿಗೆ ಆ ಭಾಗ್ಯವೂ ಇಲ್ಲ. 2022ರ ಜನವರಿಯಲ್ಲಿ ಸರ್ಕಾರ ಗೌರವಧನವನ್ನು ಏರಿಸಿತು. ಸಂತೋಷವೇ. ಜೊತೆಗೆ, ವಾರಕ್ಕೆ ಎಂಟು ಹತ್ತು ಗಂಟೆಯಿದ್ದ ಪಾಠವನ್ನು 15 ಗಂಟೆಗೆ ಏರಿಸಿತು. ಎರಡು ಮಗ್ಗದವನಿಗೆ ನಾಲ್ಕು ಮಗ್ಗ ಕೊಟ್ಟ ಕಾಲ ಕಂಡವರಿಗೆ ಮುಂದಿನ ಕತೆ ಹೇಳಬೇಕೆ? ಒಬ್ಬನಿಗೆ ಸಂಬಳ ಹೆಚ್ಚಿತು, ಪಕ್ಕದವನು ಮನೆಗೆ ಹೋದ. 2023ರ ನವೆಂಬರಿನಲ್ಲಿ ಸೇವಾ ಭದ್ರತೆ ಬೇಕೆಂದು ಇವರು ತರಗತಿ ಬಿಟ್ಟು ಬೀದಿಗೆ ಬಂದರು.

ಕಾಲೇಜು ಅಧ್ಯಾಪಕರ ತರಬೇತಿಗೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 1987ರಲ್ಲೇ ಪ್ರತ್ಯೇಕ ಸಂಸ್ಥೆಗಳನ್ನು ತೆರೆಯಿತು. ಹೆಸರು ಒಂದೆರಡು ಸಲ ಬದಲಾಗಿದೆ. ಕಾಯಂ ಅಧ್ಯಾಪಕನಿಗೆ ಅಲ್ಲಿಗೆ ಹೋಗಿ ಬಂದರೆ ಬಡ್ತಿಗೆ ಲೆಕ್ಕ. ಬಡ್ತಿಯೇ ಇಲ್ಲದ ಅತಿಥಿಗೆ ಏನು ಲೆಕ್ಕ?

ಆದ್ದರಿಂದ ಕಾಲೇಜಿನಲ್ಲಿ ಓದುವ ಮಕ್ಕಳ ತಂದೆತಾಯಿಗಳು ಒಂದು ಕೆಲಸ ಮಾಡಬೇಕು. ಪೋಷಕರ ಸಭೆಗೆ ಕರೆದಾಗ ಅಂಗಡಿಯನ್ನು ಒಂದು ಗಂಟೆ ಮುಚ್ಚಿಯಾದರೂ ಹೋಗಿ. ಹೋದವರು ಪ್ರಿನ್ಸಿಪಾಲರನ್ನು ವಿನಯದಿಂದ ಕೇಳಿ: ಈ ಕಾಲೇಜಿನಲ್ಲಿ ಎಷ್ಟು ಜನ ಅತಿಥಿ ಉಪನ್ಯಾಸಕರು, ಕಳೆದ ವರ್ಷ ತರಬೇತಿಗೆ ಹೋದವರಲ್ಲಿ ಅವರೆಷ್ಟು ಜನ, ಹೋದ ದಿನದ ಹಣ ಅವರಿಗೆ ಸಂದಿತೇ ಎಂದು. ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಇಲ್ಲಿಗೆ ತನ್ನಿ. ಹತ್ತು ಕಾಲೇಜಿನ ಚೀಟಿ ಕೂಡಿದರೆ, ಅದನ್ನು ಹಿಡಿದು ಜಿಲ್ಲಾಧಿಕಾರಿಗಳ ಕಛೇರಿಗೆ ಹೋಗುವ ದಿನವನ್ನು ಅತಿಥಿ ಉಪನ್ಯಾಸಕರ ಸಂಘದವರೊಡನೆ ಕೂತು ಗೊತ್ತು ಮಾಡೋಣ.