ನಾಯಿ-ಬೆಕ್ಕುಗಳ ಚರ್ಮ ಮತ್ತು ಉಗುರು: ಮುಲಾಮಿಗೆ ಮೊದಲು ಪರೀಕ್ಷೆ

(ಮಹಿಳಾ ವಿಭಾಗದ ಆರೋಗ್ಯ ಮಾಲಿಕೆಯಲ್ಲಿ ಪಶುವೈದ್ಯೆಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಊರಿನ ಮನೆಗಳಲ್ಲಿ ನಾಯಿ ಅಂಗಳದಲ್ಲಿ ಮಲಗುತ್ತಿತ್ತು, ಬೆಕ್ಕು ಅಟ್ಟದ ಮೇಲಿರುತ್ತಿತ್ತು. ಮುಂಬಯಿಯ ಫ್ಲ್ಯಾಟಿನಲ್ಲಿ ಅಂಗಳವೂ ಇಲ್ಲ, ಅಟ್ಟವೂ ಇಲ್ಲ. ಅವು ನಮ್ಮ ಸೋಫಾದ ಮೇಲೆ, ಮಕ್ಕಳ ಹಾಸಿಗೆಯಲ್ಲಿ ಇರುತ್ತವೆ. ಹಾಗಾಗಿ ಅವುಗಳ ಚರ್ಮದ ತೊಂದರೆ ಮನೆಮಂದಿಯೆಲ್ಲರ ವಿಷಯವೂ ಹೌದು.

ನನ್ನ ಬಳಿಗೆ ಬರುವವರಲ್ಲಿ ಬಹಳ ಮಂದಿ ಹೇಳುವ ಮೊದಲ ಮಾತು, "ಡಾಕ್ಟ್ರೇ, ಮನೆಯಲ್ಲಿದ್ದ ಮುಲಾಮು ಹಚ್ಚಿ ನೋಡಿದೆವು, ಸ್ವಲ್ಪ ಕಡಿಮೆಯಾಗಿ ಮತ್ತೆ ಜಾಸ್ತಿಯಾಯ್ತು" ಎಂದು. ಇದಕ್ಕೆ ಕಾರಣವಿದೆ. ಅಂಗಡಿಯಲ್ಲಿ ಸಿಗುವ ಅನೇಕ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಯಾವ ತುರಿಕೆಯನ್ನಾದರೂ ನಾಲ್ಕು ದಿನ ಅಡಗಿಸುತ್ತದೆ. ಆದರೆ ತೊಂದರೆ ಫಂಗಸ್‌ನಿಂದ ಅಥವಾ ಕೆಲವು ಬಗೆಯ ನುಸಿಗಳಿಂದ ಬಂದಿದ್ದರೆ ಅದೇ ಸ್ಟೀರಾಯ್ಡ್ ಅವುಗಳಿಗೆ ಅನುಕೂಲ ಮಾಡಿಕೊಡುತ್ತದೆ. ಗಾಯದ ರೂಪವೂ ಬದಲಾಗುತ್ತದೆ, ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ: ಏನೆಂದು ತಿಳಿಯುವವರೆಗೆ ಏನನ್ನೂ ಹಚ್ಚಬೇಡಿ.

ತಿಳಿಯುವ ಕೆಲಸದಲ್ಲಿ ಅರ್ಧ ನಿಮ್ಮದೇ. ನಾನು ಪ್ರಾಣಿಯನ್ನು ಹದಿನೈದು ನಿಮಿಷ ನೋಡುತ್ತೇನೆ, ನೀವು ದಿನವಿಡೀ ನೋಡುತ್ತೀರಿ. ನಾಲ್ಕು ವಿಷಯ ಗಮನಿಸಿ ಬನ್ನಿ. ತುರಿಕೆ ಇದೆಯೇ, ಅಥವಾ ಬರೀ ಕೂದಲು ಉದುರುತ್ತಿದೆಯೇ? ಮೊದಲು ಶುರುವಾದದ್ದು ಮೈಯ ಯಾವ ಭಾಗದಲ್ಲಿ? ಎಷ್ಟು ದಿನದಿಂದ, ಮಳೆಗಾಲದಲ್ಲಿ ಹೆಚ್ಚೇ? ಮನೆಯಲ್ಲಿ ಬೇರೆ ಪ್ರಾಣಿಗೋ ಮನುಷ್ಯರಿಗೋ ಕಲೆ, ತುರಿಕೆ ಬಂದಿದೆಯೇ?

ಈ ಉತ್ತರಗಳಿಂದಲೇ ದಾರಿ ಕಾಣತೊಡಗುತ್ತದೆ. ನಾಯಿ ಬಾಲದ ಬುಡ, ಸೊಂಟದ ಮೇಲ್ಭಾಗವನ್ನು ಕಚ್ಚಿಕೊಳ್ಳುತ್ತಿದ್ದರೆ ಮೊದಲ ಸಂಶಯ ಚಿಗಟದ ಮೇಲೆ. ಚಿಗಟ ಕಣ್ಣಿಗೆ ಬೀಳದಿದ್ದರೂ ಪರೀಕ್ಷೆ ಸುಲಭ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಸುತ್ತ ಕೆಂಪು-ಕಂದು ಬಣ್ಣ ಹರಡಿದರೆ ಅದು ಚಿಗಟದ ಮಲ, ಅಂದರೆ ಜೀರ್ಣವಾದ ರಕ್ತ. ಬರೀ ಧೂಳಾದರೆ ಹಾಗೆ ಹರಡುವುದಿಲ್ಲ.

ಕಿವಿಯ ಅಂಚು, ಮೊಣಕೈಗಳಲ್ಲಿ ಹುರುಪೆ ಕಟ್ಟಿ ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ ನುಸಿ ಇರಬಹುದು. ಎತ್ತಿಕೊಳ್ಳುವವರ ತೋಳು, ಹೊಟ್ಟೆಯ ಮೇಲೂ ಸಣ್ಣ ಗುಳ್ಳೆ ಏಳುತ್ತವೆ. ಮರಿನಾಯಿಯ ಕಣ್ಣಿನ ಸುತ್ತ, ಮುಂಗಾಲಿನಲ್ಲಿ ತುರಿಕೆಯಿಲ್ಲದೆ ಕೂದಲು ಹೋಗಿದ್ದರೆ ಅದು ಡೆಮೊಡೆಕ್ಸ್ ಎಂಬ ಬೇರೆ ನುಸಿ ಇರಬಹುದು. ಅದು ಮನುಷ್ಯರಿಗೆ ಅಂಟುವುದಿಲ್ಲ. ನಡುವಯಸ್ಸಿನ ನಾಯಿ ದಪ್ಪಗಾಗಿ, ಸೋಮಾರಿಯಾಗಿ, ಎರಡೂ ಪಕ್ಕೆಗಳಲ್ಲಿ ಸಮನಾಗಿ ಕೂದಲು ತೆಳುವಾದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಅಲ್ಲಿ ಮುಲಾಮಿಗೆ ಕೆಲಸವೇ ಇಲ್ಲ.

ಬೆಕ್ಕುಗಳ ವಿಷಯದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಹುಳುಕಡ್ಡಿ, ಇಲ್ಲಿನವರು ಗಜಕರ್ಣ ಎನ್ನುವುದು. ಹೆಸರಿನಲ್ಲಿ ಹುಳು ಇದ್ದರೂ ಇದು ಫಂಗಸ್. ಪರ್ಷಿಯನ್‌ನಂಥ ಉದ್ದ ಕೂದಲಿನ ಬೆಕ್ಕುಗಳಲ್ಲಿ ಹೆಚ್ಚು. ಕೆಲವು ಬೆಕ್ಕುಗಳ ಮೈಮೇಲೆ ಏನೂ ಕಾಣದೆ, ಮಗುವಿನ ಕೆನ್ನೆಯ ಮೇಲೆ ದುಂಡನೆಯ ಕಲೆ ಎದ್ದಾಗಲೇ ಗೊತ್ತಾಗುವುದುಂಟು. ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪದ ಕೆಳಗೆ ಸೋಂಕು ತಗುಲಿದ ಕೂದಲು ಹಸಿರಾಗಿ ಹೊಳೆಯಬಹುದು. ಆದರೆ ಎಲ್ಲ ಬಗೆಯ ಫಂಗಸ್ ಹೊಳೆಯುವುದಿಲ್ಲ. ಹಾಗಾಗಿ ಕೂದಲನ್ನು ಕಲ್ಚರ್‌ಗೆ ಹಾಕುತ್ತೇವೆ, ಫಲಿತಾಂಶಕ್ಕೆ ಎರಡು-ಮೂರು ವಾರ ಬೇಕಾಗಬಹುದು. ಚಿಕಿತ್ಸೆಯೂ ವಾರಗಟ್ಟಲೆ. ಕೂದಲು ಮತ್ತೆ ಬಂತೆಂದು ಔಷಧಿ ನಿಲ್ಲಿಸಬೇಡಿ, ಪರೀಕ್ಷೆ ಸರಿಯಾದ ಮೇಲೆ ನಿಲ್ಲಿಸಿ. ಉದುರಿದ ಕೂದಲಿನಲ್ಲಿ ಫಂಗಸ್ ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ಹಾಸು-ಹೊದಿಕೆ ಒಗೆಯುವುದು, ಮನೆಯ ಕೂದಲನ್ನೆಲ್ಲ ತೆಗೆಯುವುದು ಔಷಧಿಯಷ್ಟೇ ಮುಖ್ಯ.

ಇನ್ನು ಉಗುರು. ಮುಂಗಾಲಿನ ಒಳಬದಿಯ ಹೆಬ್ಬೆರಳಿನ ಉಗುರು ನೆಲಕ್ಕೆ ತಾಗುವುದಿಲ್ಲ, ಸವೆಯುವುದಿಲ್ಲ. ಅದು ಬಾಗಿ ಚರ್ಮದೊಳಗೆ ನಾಟುತ್ತದೆ. ವಯಸ್ಸಾದ ಬೆಕ್ಕುಗಳ ಉಗುರು ದಪ್ಪವಾಗಿ ಅಂಗಾಲಿನ ಮೆತ್ತೆಗೇ ಚುಚ್ಚುತ್ತದೆ. ಕುಂಟುತ್ತಿದ್ದರೆ ಸಂಧಿವಾತ ಎಂದುಕೊಳ್ಳುವ ಮೊದಲು ಉಗುರು ನೋಡಿ. ಎಷ್ಟು ಉಗುರುಗಳಿಗೆ ತೊಂದರೆ ಎಂಬುದೂ ಸುಳಿವು. ಒಂದೇ ಉಗುರಾದರೆ ಪೆಟ್ಟು ಅಥವಾ ಸೋಂಕು ಇರಬಹುದು. ಆದರೆ ವಯಸ್ಸಾದ ನಾಯಿಯ ಒಂದು ಬೆರಳು ಊದಿ, ಔಷಧಿ ಕೊಟ್ಟರೂ ವಾಸಿಯಾಗದಿದ್ದರೆ ಎಕ್ಸ್‌ರೇ, ಬಯಾಪ್ಸಿ ಬೇಕು. ಅಲ್ಲಿ ಗೆಡ್ಡೆ ಇರುವ ಸಾಧ್ಯತೆಯಿದೆ. ನಾಲ್ಕೂ ಕಾಲಿನ ಉಗುರುಗಳು ಒಂದಾದ ಮೇಲೊಂದು ಕಳಚಿದರೆ ಅದು ಹೆಚ್ಚಾಗಿ ದೇಹದ ರೋಗನಿರೋಧಕ ವ್ಯವಸ್ಥೆಯ ಏರುಪೇರು. ಮಳೆಗಾಲದಲ್ಲಿ ವಾಕಿಂಗ್ ಮುಗಿಸಿ ಬಂದೊಡನೆ ಬೆರಳುಸಂದಿಯನ್ನು ಒರೆಸಿ ಒಣಗಿಸಿ. ಒದ್ದೆ ಸಂದಿಯಲ್ಲಿ ಈಸ್ಟ್ ಬೆಳೆದು ವಾಸನೆ, ನೆಕ್ಕಾಟ ಶುರುವಾಗುತ್ತದೆ.

ಮನೆಮದ್ದಿನ ಬಗ್ಗೆಯೂ ಹೇಳಲೇಬೇಕು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚುವ ರೂಢಿ ನಮ್ಮಲ್ಲಿದೆ. ಕರ್ಪೂರ ನಾಯಿ-ಬೆಕ್ಕುಗಳಿಗೆ ವಿಷ, ಅವು ಅದನ್ನು ನೆಕ್ಕುತ್ತವೆ. ಫಿನೈಲ್ ಬೆರೆಸಿದ ನೀರಿನಲ್ಲಿ ಸ್ನಾನ ಬೇಡ. ನಾಯಿಯ ಉಣ್ಣೆಗೆಂದು ತಂದ ಪರ್ಮೆಥ್ರಿನ್ ಇರುವ ಔಷಧಿಯನ್ನು ಬೆಕ್ಕಿಗೆ ಎಂದಿಗೂ ಹಾಕಬೇಡಿ. ನಡುಕ, ಸೆಳೆತ ಬಂದು ಪ್ರಾಣವೇ ಹೋಗಬಹುದು. ನೋವಿಗೆಂದು ಪ್ಯಾರಾಸಿಟಮಾಲ್ ಕೊಡುವುದೂ ಬೆಕ್ಕಿಗೆ ಮಾರಕ.

ವೈದ್ಯರ ಬಳಿ ಹೋದಾಗ "ಚರ್ಮ ಕೆರೆದು ನೋಡಿದಿರಾ?" ಎಂದು ಕೇಳಲು ಸಂಕೋಚ ಬೇಡ. ಬ್ಲೇಡಿನಿಂದ ಕೆರೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅಗ್ಗದ, ಬೇಗ ಆಗುವ ಪರೀಕ್ಷೆ. ಒಮ್ಮೆ ನುಸಿ ಸಿಗದಿದ್ದರೆ ಇಲ್ಲವೆಂದೇ ಅರ್ಥವಲ್ಲ. ಕಜ್ಜಿ ನುಸಿ ಹಲವು ಸಲ ಕೈಗೆ ಸಿಗುವುದೇ ಇಲ್ಲ. ಆಗ ಲಕ್ಷಣ ನೋಡಿ ಔಷಧಿ ಕೊಟ್ಟು ಗಮನಿಸುತ್ತೇವೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಚರ್ಮರೋಗ ಬಂತೆಂದರೆ ಮನೆಯವರು ಹೆದರುತ್ತಾರೆ, ಸೊಸೈಟಿಯವರು ಗೊಣಗುತ್ತಾರೆ, ಕೊನೆಗೆ ಪ್ರಾಣಿಯನ್ನು ರಾತ್ರೋರಾತ್ರಿ ಎಲ್ಲೋ ಬಿಟ್ಟುಬರುತ್ತಾರೆ. ಹಾಗೆ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅದಕ್ಕಿಂತ ದೊಡ್ಡ ಮಾತೆಂದರೆ, ಹುಳುಕಡ್ಡಿಯಾಗಲಿ ಕಜ್ಜಿಯಾಗಲಿ ವಾಸಿಯಾಗುವ ಕಾಯಿಲೆಗಳು. ಮಗುವಿಗೆ ಕಲೆ ಬಂದರೆ ಮಗುವನ್ನು ಚರ್ಮವೈದ್ಯರಿಗೆ, ಬೆಕ್ಕನ್ನು ಪಶುವೈದ್ಯರಿಗೆ ಒಂದೇ ವಾರದಲ್ಲಿ ತೋರಿಸಿ. ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾದರೆ ಇಬ್ಬರೂ ಅದೇ ಮನೆಯಲ್ಲಿ ಗುಣವಾಗುತ್ತಾರೆ.

 ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.