ದುಬಾರಿ ದಂತ ಚಿಕಿತ್ಸೆಗೆ ಮುನ್ನ: ವೈದ್ಯರ ಆಯ್ಕೆ ಹೇಗೆ?

(ಗ್ರಾಮ ಪಂಚಾಯಿತಿ ಸದಸ್ಯರ ಆರೋಗ್ಯ ಮಾಹಿತಿ ಕಾರ್ಯಾಗಾರದಲ್ಲಿ ತಾಲ್ಲೂಕು ಆಸ್ಪತ್ರೆಯ ದಂತ ಆರೋಗ್ಯಾಧಿಕಾರಿಗಳು ಮಾಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಮನೆ, ಪಿಂಚಣಿ, ಕುಡಿಯುವ ನೀರು, ದಾರಿಯ ತಕರಾರು ಇವುಗಳಿಗಾಗಿ ಜನರು ತಮ್ಮ ಬಾಗಿಲಿಗೆ ಬರುತ್ತಾರೆ. ಹಲ್ಲಿನ ವಿಷಯ ಹಿಡಿದು ಬರುವವರು ಯಾರೆಂದು ತಾವು ಕೇಳಬಹುದು. ಅವರೂ ಬರುತ್ತಾರೆ, ಸಾಲದ ಕಂತು ಕಟ್ಟಲಾಗುತ್ತಿಲ್ಲ, ಫೈನಾನ್ಸಿನವರು ಮನೆಯ ಮುಂದೆ ನಿಂತಿದ್ದಾರೆ ಎಂದು ಹೇಳಿಕೊಂಡು ಬರುತ್ತಾರೆ. ಸಾಲ ಏತಕ್ಕೆಂದು ವಿಚಾರಿಸಿದಾಗ ಕೆಲವೊಮ್ಮೆ ಹಲ್ಲಿನ ಕಥೆ ಹೊರಬೀಳುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಹೊರರೋಗಿ ವಿಭಾಗಕ್ಕೆ ಸುಮಾರು ಅರವತ್ತರ ಪ್ರಾಯದ ರೈತ ಮಹಿಳೆಯೊಬ್ಬರು ಬಂದರು. ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ತಂದಿದ್ದು ಆರು ಹಲ್ಲುಗಳ ಒಂದು ಬ್ರಿಡ್ಜ್. ಕರೆಯುವ ಎರಡು ಹಸುಗಳನ್ನು ಮಾರಿ ಮಾಡಿಸಿಕೊಂಡಿದ್ದ ಆ ಬ್ರಿಡ್ಜ್, ಆಧಾರಕ್ಕೆ ಹಿಡಿದಿದ್ದ ಸ್ವಂತ ಹಲ್ಲುಗಳ ಸಮೇತ ವರ್ಷದೊಳಗೆ ಕಿತ್ತು ಬಂದಿತ್ತು. ಆ ಹಲ್ಲುಗಳು ವಸಡಿನ ರೋಗದಿಂದ ಮೊದಲೇ ಅಲುಗಾಡುತ್ತಿದ್ದವು. ಕುಸಿಯುತ್ತಿರುವ ಗೋಡೆಗೆ ಯಾರೂ ತೊಲೆ ಇಡುವುದಿಲ್ಲ. ಎಕ್ಸ್‌ರೇ ತೆಗೆದಿದ್ದರೇ ಎಂದು ಕೇಳಿದೆ, ಇಲ್ಲವೆಂದರು. ರಸೀದಿ ಕೇಳಿದೆ, ಅದೂ ಇರಲಿಲ್ಲ. ದೂರು ಕೊಡಲು ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ.

ಮಾನ್ಯರೇ, ನೂರು ಅಡಿಯ ಚರಂಡಿ ಕಾಮಗಾರಿಗೆ ತಾವು ಅಂದಾಜು ಪಟ್ಟಿ ಕೇಳುತ್ತೀರಿ, ತಾಂತ್ರಿಕ ಮಂಜೂರಾತಿ ಕೇಳುತ್ತೀರಿ, ಅಳತೆ ಪುಸ್ತಕ ಬರೆಯದೆ ಬಿಲ್ಲು ಪಾವತಿಸುವುದಿಲ್ಲ. ಒಂದು ಲಕ್ಷ ರೂಪಾಯಿಯ ಬಾಯಿಯ ಕಾಮಗಾರಿಗೆ ಮಾತ್ರ ನಮ್ಮ ಜನ ಬಾಯಿಮಾತನ್ನೇ ನಂಬುತ್ತಾರೆ. ಆ ಅಂದಾಜು ಪಟ್ಟಿಯನ್ನು ಹೇಗೆ ಕೇಳಬೇಕು, ಯಾರನ್ನು ಕೇಳಬೇಕು ಎಂಬುದೇ ಇಂದಿನ ನನ್ನ ವಿಷಯ.

ಮೊದಲು ಅರ್ಹತೆಯ ಮಾತು. ದಂತವೈದ್ಯರೆಂದರೆ ಬಿ.ಡಿ.ಎಸ್. ಪದವಿ ಪಡೆದು, ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಂತಹ ರಾಜ್ಯ ಪರಿಷತ್ತಿನಲ್ಲಿ ನೋಂದಣಿಯಾದವರು. ಅದರ ಮೇಲೆ 3 ವರ್ಷ ಓದಿದವರಿಗೆ ಎಂ.ಡಿ.ಎಸ್. ಪದವಿ. ಎಂ.ಡಿ.ಎಸ್. ಎಂದ ಮಾತ್ರಕ್ಕೆ ಎಲ್ಲದರಲ್ಲಿಯೂ ತಜ್ಞರೆಂದು ತಿಳಿಯಬಾರದು, ಅದರಲ್ಲಿ ಹಲವು ಶಾಖೆಗಳಿವೆ. ಕೃತಕ ಹಲ್ಲು ಜೋಡಿಸುವವರು ಪ್ರಾಸ್ತೊಡಾಂಟಿಸ್ಟರು, ಬೇರಿನ ಚಿಕಿತ್ಸೆ ಅಂದರೆ ರೂಟ್ ಕೆನಾಲ್ ಮಾಡುವವರು ಎಂಡೊಡಾಂಟಿಸ್ಟರು, ವಸಡಿಗೆ ಪೆರಿಯೊಡಾಂಟಿಸ್ಟರು, ದವಡೆಯ ಶಸ್ತ್ರಚಿಕಿತ್ಸೆಗೆ ಬೇರೆಯವರು, ಹಲ್ಲಿಗೆ ತಂತಿ ಹಾಕಿ ಸಾಲು ಸರಿಪಡಿಸುವವರು ಬೇರೆಯವರು. ಬಿ.ಡಿ.ಎಸ್. ವೈದ್ಯರೂ ಕ್ಯಾಪು, ಇಂಪ್ಲಾಂಟುಗಳನ್ನು ಮಾಡುತ್ತಾರೆ. ಅನುಭವಿಗಳಾದ ಅನೇಕರು ಸೊಗಸಾಗಿಯೇ ಮಾಡುತ್ತಾರೆ. ಆದರೆ ಇಡೀ ಬಾಯಿಯನ್ನು ಹೊಸದಾಗಿ ಕಟ್ಟುವಂತಹ ಕೆಲಸವಾದರೆ, ಇದನ್ನು ಯಾರು ಮಾಡುತ್ತಾರೆ, ಅವರ ಶಾಖೆ ಯಾವುದು, ಹೊರಗಿನಿಂದ ತಜ್ಞರು ಬಂದು ಹೋಗುವುದಾದರೆ ಮಧ್ಯರಾತ್ರಿ ಬಾವು ಬಂದಾಗ ನೋಡುವವರು ಯಾರು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಚಿಕಿತ್ಸಾಲಯಕ್ಕೂ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ನೋಂದಣಿ ಇರಬೇಕು. ನೋಂದಣಿ ಪತ್ರ ಮತ್ತು ದರಪಟ್ಟಿ ರೋಗಿಗಳಿಗೆ ಕಾಣುವಂತೆ ಇರಬೇಕು. ಗೋಡೆಯ ಮೇಲೆ ಅವು ಕಾಣದಿದ್ದರೆ ಕೇಳಿ.

ಪದವಿ ಪತ್ರಕ್ಕಿಂತ ಹೆಚ್ಚಿನದನ್ನು ತಿಳಿಸುವ ಪರೀಕ್ಷೆಯೊಂದಿದೆ: ವೈದ್ಯರು ರೋಗಿಯನ್ನು ಏನೇನು ಕೇಳುತ್ತಾರೆ ಎಂಬುದು. ಸಕ್ಕರೆ ಕಾಯಿಲೆ ಇದೆಯೇ, ಹತೋಟಿಯಲ್ಲಿದೆಯೇ? ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಹೃದಯದ ಕವಾಟಕ್ಕೆ ಚಿಕಿತ್ಸೆಯಾಗಿದೆಯೇ? ಮೂಳೆ ಸವೆತಕ್ಕೆ ಚುಚ್ಚುಮದ್ದು ಪಡೆದಿದ್ದೀರಾ? ಬೀಡಿ, ಗುಟ್ಕಾ ಅಭ್ಯಾಸವಿದೆಯೇ? ಇವುಗಳಲ್ಲಿ ಪ್ರತಿಯೊಂದಕ್ಕೂ ಕಾರಣವಿದೆ. ಸಕ್ಕರೆ ಹತೋಟಿ ತಪ್ಪಿದವರಲ್ಲಿ ಗಾಯ ಬೇಗ ಮಾಯುವುದಿಲ್ಲ. ಧೂಮಪಾನಿಗಳಲ್ಲಿ ಇಂಪ್ಲಾಂಟು ವಿಫಲವಾಗುವ ಸಂಭವ ಹೆಚ್ಚು. ಮೂಳೆ ಸವೆತದ ಕೆಲವು ಔಷಧಗಳನ್ನು ಪಡೆದವರಲ್ಲಿ ಹಲ್ಲು ಕಿತ್ತ ಜಾಗದ ಮೂಳೆಯೇ ಕೊಳೆಯುವ ಅಪಾಯವಿದೆ. ಇದಾವುದನ್ನೂ ಕೇಳದೆ ನೇರವಾಗಿ ಪ್ಯಾಕೇಜಿನ ದರ ಹೇಳುವ ಕಡೆಯಿಂದ ಎದ್ದು ಬರುವುದು ಲೇಸು. (ರಕ್ತ ತೆಳುವಾಗಿಸುವ ಮಾತ್ರೆಯನ್ನು ಹಲ್ಲು ಕೀಳಿಸುವುದಕ್ಕೆಂದು ತಾವೇ ನಿಲ್ಲಿಸಿಬಿಡುವ ಹಿರಿಯರಿದ್ದಾರೆ. ಅದನ್ನು ಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.)

ಎರಡನೆಯದಾಗಿ, ಹಿಂದಕ್ಕೆ ಪಡೆಯಲಾಗದ ಕೆಲಸ ಯಾವುದು ಎಂಬ ವಿವೇಚನೆ. ತೆಗೆದು ಹಾಕುವ ಹಲ್ಲಿನ ಸೆಟ್ಟು ಸರಿಹೊಂದದಿದ್ದರೆ ಹೊಸದು ಮಾಡಿಸಬಹುದು. ಕಿತ್ತ ಹಲ್ಲು ಮರಳಿ ಬಾರದು, ಉಜ್ಜಿದ ಹಲ್ಲು ಮರಳಿ ಬೆಳೆಯದು. ಒಂದು ಹಲ್ಲಿನ ಜಾಗ ತುಂಬಲು ಬ್ರಿಡ್ಜ್ ಮಾಡುವಾಗ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಉಜ್ಜಿ ಸಣ್ಣದಾಗಿಸುತ್ತಾರೆ. ಅವು ಆರೋಗ್ಯವಂತ ಹಲ್ಲುಗಳಾಗಿದ್ದರೆ ಒಂದಕ್ಕಾಗಿ ಎರಡನ್ನು ಒತ್ತೆಯಿಟ್ಟಂತೆ. ಇಂಪ್ಲಾಂಟಿನಲ್ಲಿ ಪಕ್ಕದ ಹಲ್ಲಿಗೆ ತೊಂದರೆಯಿಲ್ಲ. ದವಡೆಯ ಮೂಳೆಯೊಳಗೆ ಟೈಟಾನಿಯಂ ತಿರುಪನ್ನು ಕೂರಿಸಿ ಅದರ ಮೇಲೆ ಹಲ್ಲು ನಿಲ್ಲಿಸುತ್ತಾರೆ. ಖರ್ಚು ಹೆಚ್ಚು, ಒಂದೊಂದಕ್ಕೆ ಹತ್ತಾರು ಸಾವಿರ. ಮೂಳೆಯು ತಿರುಪನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಮೂರೇ ದಿನದಲ್ಲಿ ಖಾಯಂ ಹಲ್ಲು ಎಂಬ ಜಾಹೀರಾತುಗಳನ್ನು ತಾವು ನೋಡಿರುತ್ತೀರಿ. ಆಯ್ದ ರೋಗಿಗಳಲ್ಲಿ ಬೇಗನೆ ಹಲ್ಲು ಕೂರಿಸುವ ವಿಧಾನಗಳು ಇರುವುದು ನಿಜ. ತಮ್ಮ ದವಡೆಯೂ ಆ ಆಯ್ಕೆಗೆ ಸೇರಿದೆ ಎಂಬುದನ್ನು ವೈದ್ಯರು ಎಕ್ಸ್‌ರೇ ತೋರಿಸಿ ವಿವರಿಸಬೇಕು. ಅಂತರ್ಜಲದ ಪಾಯಿಂಟು ನೋಡದೆ ಕೊಳವೆಬಾವಿ ಕೊರೆಸಿದವರ ಪಾಡು ತಮಗೆ ಗೊತ್ತು. ಮೂಳೆಯ ಎತ್ತರ, ದಪ್ಪ, ಒಳಗಿನ ನರದ ದಾರಿ ನೋಡದೆ ದವಡೆ ಕೊರೆಯುವುದೂ ಅಷ್ಟೇ. ಕೆಳದವಡೆಯ ನರಕ್ಕೆ ಪೆಟ್ಟಾದರೆ ತುಟಿ, ಗದ್ದ ಮರಗಟ್ಟಿ ಹಾಗೆಯೇ ಉಳಿಯಬಹುದು.

ಫ್ಲೋರೈಡ್ ನೀರಿನ ಊರುಗಳ ಸದಸ್ಯರಿಗೆ ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಕೊಪ್ಪಳ, ರಾಯಚೂರು ಭಾಗಗಳಲ್ಲಿ ಹಲ್ಲಿನ ಮೇಲೆ ಕಂದು ಕಲೆ ಇರುವ ಯುವಕ ಯುವತಿಯರು ಎಷ್ಟೋ ಮಂದಿ. ಮದುವೆ ನಿಶ್ಚಯವಾದೊಡನೆ ಮುಂದಿನ ಹಲ್ಲುಗಳಿಗೆಲ್ಲ ಕ್ಯಾಪು ಹಾಕಿಸುವ ಅವಸರ ಪ್ರಾರಂಭವಾಗುತ್ತದೆ. ಇಪ್ಪತ್ತರ ಹುಡುಗಿಯ ಗಟ್ಟಿ ಹಲ್ಲನ್ನು ಸುತ್ತಲೂ ಉಜ್ಜಿ ಕ್ಯಾಪು ಹಾಕಿದರೆ, ಆ ಕ್ಯಾಪುಗಳನ್ನು ಬಾಳಿನುದ್ದಕ್ಕೂ ಹಲವು ಬಾರಿ ಬದಲಿಸಬೇಕಾದೀತು. ಕಲೆ ತಿಳಿಯಾಗಿದ್ದರೆ ಮೇಲ್ಪದರವನ್ನು ಅತ್ಯಲ್ಪ ಉಜ್ಜುವುದು, ಬಿಳಿಪು ಮಾಡುವುದು, ಹಲ್ಲಿನ ಬಣ್ಣದ ಅಂಟು ಲೇಪಿಸುವುದು ಎಂಬ ಕಡಿಮೆ ಖರ್ಚಿನ ದಾರಿಗಳಿವೆ. ಮೊದಲು ಅವನ್ನು ಹೇಳಿ, ಆಮೇಲೆ ಕ್ಯಾಪಿನ ಮಾತೆತ್ತುವ ವೈದ್ಯರು ಒಳ್ಳೆಯ ವೈದ್ಯರು. ಈ ಕಲೆ ಮೂಡುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಬಾಲ್ಯದ ಮೊದಲ ಎಂಟು ವರ್ಷಗಳಲ್ಲಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯಿದೆ. ಅಂಗನವಾಡಿಯ ಮಕ್ಕಳು ಯಾವ ನೀರು ಕುಡಿಯುತ್ತಿದ್ದಾರೆ, ಶುದ್ಧ ನೀರಿನ ಘಟಕ ಎಷ್ಟು ದಿನದಿಂದ ಕೆಟ್ಟು ನಿಂತಿದೆ ಎಂಬುದು ತಮ್ಮ ಪಂಚಾಯಿತಿಯ ಕೈಯಲ್ಲಿರುವ ವಿಷಯ.

ಈಗ ಹಣದ ಮಾತು. ಚಿಕಿತ್ಸೆಗೆ ಒಪ್ಪುವ ಮುನ್ನ ಬರಹದಲ್ಲಿ ಪಡೆಯಬೇಕಾದದ್ದು ಇಷ್ಟು: ಯಾವ ಯಾವ ಹಲ್ಲಿಗೆ ಏನು ಕೆಲಸ, ಬಳಸುವ ವಸ್ತು ಯಾವುದು, ಎಷ್ಟು ಭೇಟಿ, ಒಟ್ಟು ಎಷ್ಟು ಹಣ, ಅದರಲ್ಲಿ ಎಕ್ಸ್‌ರೇ ಮತ್ತು ತಾತ್ಕಾಲಿಕ ಹಲ್ಲಿನ ಖರ್ಚು ಸೇರಿದೆಯೇ, ಕ್ಯಾಪು ಒಡೆದರೆ ಅಥವಾ ಇಂಪ್ಲಾಂಟು ಹಿಡಿಯದಿದ್ದರೆ ಮುಂದೇನು. ಲೋಹದ ಕ್ಯಾಪು, ಲೋಹದ ಮೇಲೆ ಪಿಂಗಾಣಿ ಹೊದಿಸಿದ ಕ್ಯಾಪು, ಜಿರ್ಕೋನಿಯಾ ಕ್ಯಾಪು ಇವುಗಳ ಬೆಲೆಯಲ್ಲಿ ಬಹಳ ಅಂತರವಿದೆ. ನಗುವಾಗ ಕಾಣದ ಹಿಂದಿನ ದವಡೆ ಹಲ್ಲಿಗೆ ಲೋಹದ ಕ್ಯಾಪು ಇಂದಿಗೂ ಗಟ್ಟಿಯಾದ, ಅಗ್ಗದ ಆಯ್ಕೆ. ಅದನ್ನು ಹೇಳುವವರು ಕಡಿಮೆಯಾಗಿದ್ದಾರೆ. ಇಂಪ್ಲಾಂಟಿನ ಪೊಟ್ಟಣದ ಮೇಲೆ ಕಂಪನಿ, ಅಳತೆ ಮತ್ತು ತಯಾರಿಕಾ ಸಂಖ್ಯೆ ಇರುವ ಚೀಟಿ ಅಂಟಿಸಿರುತ್ತದೆ. ಅದನ್ನು ತಮ್ಮ ಕಡತದಲ್ಲಿ ಅಂಟಿಸಿಕೊಡಲು ಕೇಳಬೇಕು. ಹತ್ತು ವರ್ಷಗಳ ನಂತರ ಮೇಲಿನ ತಿರುಪು ಸಡಿಲವಾದಾಗ ಯಾವ ಕಂಪನಿಯದೆಂದು ತಿಳಿಯದಿದ್ದರೆ ಬೇರೆ ವೈದ್ಯರು ಕೈಚೆಲ್ಲಿ ಕೂರಬೇಕಾಗುತ್ತದೆ.

ಬಡ್ಡಿಯಿಲ್ಲದ ಕಂತು ಎಂಬುದರ ಬಗ್ಗೆ ಎಚ್ಚರವಿರಲಿ. ಅಲ್ಲಿ ಹಣ ಕೊಡುವುದು ಬಹುತೇಕ ಫೈನಾನ್ಸ್ ಕಂಪನಿ, ಸಾಲ ರೋಗಿಯ ಹೆಸರಿನಲ್ಲಿ. ಇಡೀ ಮೊತ್ತ ಚಿಕಿತ್ಸಾಲಯಕ್ಕೆ ಮೊದಲೇ ಸಂದಾಯವಾಗಿರುತ್ತದೆ. ಕೆಲಸ ಅರ್ಧಕ್ಕೆ ನಿಂತರೂ ಕಂತು ನಿಲ್ಲುವುದಿಲ್ಲ. ಆದ್ದರಿಂದ ಕೆಲಸದ ಹಂತಕ್ಕೆ ತಕ್ಕಂತೆ ನೇರವಾಗಿ ಪಾವತಿಸಿ ರಸೀದಿ ಪಡೆಯುವುದೇ ಕ್ಷೇಮ. ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಅಪಘಾತದ ಹೊರತು ಹಲ್ಲಿನ ಖರ್ಚು ಸಿಗುವುದು ಅಪರೂಪ. ಆ ಭರವಸೆಯ ಮೇಲೆ ಸಾಲ ಮಾಡಬಾರದು.

ಇಷ್ಟು ಹಣ ಎಲ್ಲರ ಬಳಿ ಇರುವುದಿಲ್ಲ. ಅಂಥವರಿಗೆ ಮೊದಲ ಬಾಗಿಲು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ. ನಮ್ಮಲ್ಲಿ ಆಗದ ಕೆಲಸಕ್ಕೆ ದಂತ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಧಾರವಾಡ, ಬೆಳಗಾವಿ, ದಾವಣಗೆರೆ, ಮೈಸೂರು, ಮಂಗಳೂರು, ಮಣಿಪಾಲಗಳಲ್ಲಿ ಖಾಸಗಿ ಕಾಲೇಜುಗಳಿವೆ. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಗಾವಲಿನಲ್ಲಿ ಕೆಲಸ ಮಾಡುತ್ತಾರೆ. ಓಡಾಟ ಹೆಚ್ಚು, ಸಮಯ ಹೆಚ್ಚು, ಶುಲ್ಕ ಕಡಿಮೆ. ಒಂದೊಂದು ಹಂತವನ್ನೂ ಇನ್ನೊಬ್ಬರು ಪರಿಶೀಲಿಸುತ್ತಾರೆ ಎಂಬುದು ನನ್ನ ದೃಷ್ಟಿಯಲ್ಲಿ ದೊಡ್ಡ ಅನುಕೂಲ. ಹಲ್ಲೆಲ್ಲ ಉದುರಿದ ಬಡ ಹಿರಿಯರಿಗೆ ಉಚಿತ ಸೆಟ್ಟು ನೀಡಲು ರಾಜ್ಯ ಸರ್ಕಾರವು ದಂತ ಭಾಗ್ಯ ಯೋಜನೆಯನ್ನು ರೂಪಿಸಿದೆ. ಬಿ.ಪಿ.ಎಲ್. ಚೀಟಿಯೊಂದಿಗೆ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿದರೆ ಸದ್ಯದ ವಯೋಮಿತಿ ಮತ್ತು ಕಾಲೇಜಿನ ವಿವರ ತಿಳಿಸುತ್ತೇವೆ.

ಎರಡನೆಯ ವೈದ್ಯರ ಅಭಿಪ್ರಾಯ ಪಡೆಯಲು ಎಕ್ಸ್‌ರೇ ಪ್ರತಿಯನ್ನು ಕೇಳಿ ಪಡೆಯಿರಿ. ಕೊಡಲು ಮುನಿಸಿಕೊಳ್ಳುವವರ ಬಳಿ ಮುಂದುವರಿಯುವುದು ಬೇಡ. ಆದರೆ ವಿಚಾರಣೆಗೆ ಕಾಯಲಾಗದ ಸಂದರ್ಭಗಳೂ ಇವೆ. ಹಲ್ಲಿನ ಬಾವು ಗದ್ದದ ಕೆಳಗೆ, ಕುತ್ತಿಗೆಗೆ ಇಳಿದು ನುಂಗಲು, ಉಸಿರಾಡಲು ಕಷ್ಟವಾದರೆ ದರ ಹೋಲಿಸುತ್ತ ಕೂರದೆ ಅದೇ ಗಳಿಗೆ ಆಸ್ಪತ್ರೆಗೆ ಕರೆತರಬೇಕು. ಅದು ಪ್ರಾಣಕ್ಕೆ ಬರುತ್ತದೆ. ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಿಳಿ ಮಚ್ಚೆ, ಗುಟ್ಕಾ ತಿನ್ನುವವರಲ್ಲಿ ಬಾಯಿ ತೆರೆಯಲಾಗದ ಸ್ಥಿತಿ ಇದ್ದರೆ ಹೊಸ ಹಲ್ಲಿನ ಯೋಚನೆಗೆ ಮೊದಲು ಕ್ಯಾನ್ಸರ್ ತಪಾಸಣೆ ಆಗಬೇಕು.

ಕೆಲಸ ಕೆಟ್ಟಾಗ ಏನು ಮಾಡಬೇಕು? ವಿಫಲವಾದ ಚಿಕಿತ್ಸೆಯೆಲ್ಲವೂ ವೈದ್ಯರ ನಿರ್ಲಕ್ಷ್ಯವಲ್ಲ; ಮೊದಲು ಅದೇ ವೈದ್ಯರೊಂದಿಗೆ ಮಾತನಾಡಿದರೆ ಬಹಳಷ್ಟು ಸರಿಹೋಗುತ್ತದೆ. ಸರಿಹೋಗದಿದ್ದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ ಮತ್ತು ಕುಂದುಕೊರತೆ ನಿವಾರಣೆಗಾಗಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಇರುವ ಪ್ರಾಧಿಕಾರಕ್ಕೆ, ವೃತ್ತಿನಡತೆಯ ದೂರಾದರೆ ರಾಜ್ಯ ದಂತ ವೈದ್ಯಕೀಯ ಪರಿಷತ್ತಿಗೆ ಬರೆಯಬಹುದು. ಹಣದ ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2 ವರ್ಷದೊಳಗೆ ದೂರು ಸಲ್ಲಿಸಬೇಕು. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎಲ್ಲ ಕಡೆಯೂ ಕೇಳುವುದು ಕಾಗದವನ್ನೇ.

ಸಂತೆಯ ದಿನ ಮರದಡಿ ಕುಳಿತು ಹಲ್ಲು ಕಟ್ಟಿಕೊಡುವವರ ಬಗ್ಗೆ ಬೆಳಿಗ್ಗೆ ಸದಸ್ಯರೊಬ್ಬರು ಕೇಳಿದ್ದರು. ಅವರು ಪಕ್ಕದ ಹಲ್ಲಿಗೆ ತಂತಿ ಬಿಗಿದು, ಅಂಟು ಸುರಿದು ನಿಲ್ಲಿಸುವ ಹಲ್ಲನ್ನು ತೆಗೆದು ತೊಳೆಯಲಾಗದು. ಅದರಡಿಯ ವಸಡು ಕೊಳೆತು ಒಳ್ಳೆಯ ಹಲ್ಲುಗಳೂ ಹೋಗುತ್ತವೆ. ನೋಂದಣಿಯಿಲ್ಲದೆ ದಂತ ಚಿಕಿತ್ಸೆ ನಡೆಸುವುದು ಅಪರಾಧ. ಹೊಡೆದಾಟಕ್ಕೆ ಹೋಗದೆ, ಸ್ಥಳ, ದಿನ ನಮೂದಿಸಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಪಂಚಾಯಿತಿಯಿಂದ ಪತ್ರ ಬರೆದು ಸ್ವೀಕೃತಿ ಪಡೆಯಿರಿ. ಅದರ ಪ್ರತಿಯನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಮಂಡಿಸಿ, ನಡವಳಿಯಲ್ಲಿ ದಾಖಲಿಸಿ.

ಇನ್ನು ತಮ್ಮ ಪ್ರಶ್ನೆಗಳನ್ನು ಕೇಳಬಹುದು.