ಅಂಡಮಾನಿನಲ್ಲಿ ನೆನಪಾದ ಎರೆಭೂತ

ಇವತ್ತು ರೆಸಾರ್ಟ್ ರಾಜಕೀಯ ಇಲ್ಲ, ಪಕ್ಷಾಂತರವೂ ಇಲ್ಲ. ಇವತ್ತು ಪಕ್ಷಿ ಬಗ್ಗೆ ಮಾತಾಡೋಣ.

ಹೋದ ಡಿಸೆಂಬರ್‌ನಲ್ಲಿ ಐದು ದಿನ ರಜೆ ಸಿಕ್ಕಿತ್ತು. ಹೆಂಡತಿ ಜೊತೆ ಅಂಡಮಾನಿಗೆ ಹೋಗಿದ್ದೆ. ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಚಿಡಿಯಾ ಟಾಪು ಅಂತ ಒಂದು ಜಾಗ ಇದೆ. ಚಿಡಿಯಾ ಅಂದರೆ ಹಕ್ಕಿ, ಟಾಪು ಅಂದರೆ ದ್ವೀಪ. ಬೆಳಿಗ್ಗೆ ಐದಕ್ಕೇ ಬೆಳಕಾಗುವ ಊರು. ಕಾಡಿನ ಅಂಚಲ್ಲಿ ನಿಂತ ತಕ್ಷಣ ನಾನು ಮೊಬೈಲ್ ತೆಗೆದೆ. ನಮ್ಮ ಗೈಡ್ ಹೇಳಿದ ಮೊದಲ ಮಾತು, "ಸಾರ್, ಅದನ್ನ ಜೇಬಲ್ಲಿಡಿ. ಸುಮ್ಮನೆ ನಿಂತ್ಕೊಳ್ಳಿ."

ಸುಮ್ಮನೆ ನಿಲ್ಲೋದು! ನಮ್ಮ ಸ್ಟುಡಿಯೋದಲ್ಲಿ ಐದು ಸೆಕೆಂಡ್ ಯಾರೂ ಮಾತಾಡದಿದ್ದರೆ ಕಿವಿಯಲ್ಲಿ ಪ್ರೊಡ್ಯೂಸರ್ ಕೂಗ್ತಾರೆ. ಅಲ್ಲಿ ನಲವತ್ತು ನಿಮಿಷ ನಿಂತೆ. ಆಮೇಲೆ ಬಂತು ನೋಡಿ, ಅಂಡಮಾನ್ ಮರಕುಟಿಗ. ಮೈಯೆಲ್ಲ ಕಪ್ಪು, ತಲೆ ಮೇಲೆ ಕೆಂಪು ಜುಟ್ಟು. ಪ್ರಪಂಚದಲ್ಲಿ ಆ ದ್ವೀಪಗಳನ್ನು ಬಿಟ್ಟರೆ ಇನ್ನೆಲ್ಲೂ ಅದು ಇಲ್ಲ.

ಗೈಡ್ ಇನ್ನೊಂದು ಹಕ್ಕಿಯ ಕಥೆ ಹೇಳಿದ. ಅಂಡಮಾನಿನ ಪೂರ್ವಕ್ಕೆ ನಾರ್ಕೊಂಡಂ ಅಂತ ಒಂದು ಜ್ವಾಲಾಮುಖಿ ದ್ವೀಪ ಇದೆ. ಅದರ ವಿಸ್ತೀರ್ಣ ಸುಮಾರು 7 ಚದರ ಕಿಲೋಮೀಟರ್, ಅಷ್ಟೇ. ಆ ದ್ವೀಪದಲ್ಲಿ ಮಾತ್ರ ಇರೋ ಒಂದು ಜಾತಿಯ ಮಂಗಟ್ಟೆ ಹಕ್ಕಿ ಇದೆ. ಅದರ ಸಂಖ್ಯೆ ಒಂದು ಸಾವಿರದ ಆಸುಪಾಸು. ಆ ಕಾಡು ಹೋದರೆ ಅದಕ್ಕೆ ಹೋಗಲು ಬೇರೆ ಊರಿಲ್ಲ. ಸುತ್ತ ಸಮುದ್ರ.

ಅಷ್ಟರಲ್ಲಿ ಪೊದೆಯೊಳಗಿಂದ 'ಹೂಪ್ ಹೂಪ್' ಅಂತ ದನಿ ಬಂತು. ಅರೆ, ಇದು ನಮ್ಮ ಕೆಂಬೂತ ಅಲ್ವಾ ಅಂದೆ. ಕೆಂಬೂತವೇ, ಆದರೆ ಅಂಡಮಾನಿನದು, ಬಣ್ಣ ಬೇರೆ. ಕೆಂಬೂತ ಅಂದ ಕೂಡಲೇ ನನಗೆ ಇನ್ನೊಂದು ಭೂತ ನೆನಪಾಯ್ತು. ಎರೆಭೂತ.

ನಾನು ಮಸ್ಕಿಯವನು. ಚಿಕ್ಕವನಿದ್ದಾಗ ನಮ್ಮ ಮುತ್ಯಾ ಹೇಳ್ತಿದ್ದ, "ಎರಿ ಹೊಲದಾಗ ಜ್ವಾಳದ ನಡಕ ಮನಷ್ಯಾ ನಿಂತಂಗ ಕಾಣ್ತಿತ್ತಪಾ. ಹತ್ರ ಹೋದ್ರ ಇರ್ತಿದ್ದಿಲ್ಲ. ಅದಕ ಭೂತ ಅಂತಿದ್ವಿ." ನಾನು ದೆವ್ವದ ಕಥೆ ಅಂದುಕೊಂಡಿದ್ದೆ. ಇಂಜಿನಿಯರಿಂಗ್ ಮುಗಿಸಿ, ಚಾನೆಲ್ ಸೇರಿ, ಒಂದು ಸುದ್ದಿ ಓದುವಾಗ ಗೊತ್ತಾಯ್ತು, ಅದು ಹಕ್ಕಿ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಒಂದು ಮೀಟರ್ ಎತ್ತರ. ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತೆ. ಹಾರಬಲ್ಲ ಹಕ್ಕಿಗಳಲ್ಲೇ ಅತಿ ಭಾರದವುಗಳ ಸಾಲಿನಲ್ಲಿದೆ. ಪಕ್ಷಿತಜ್ಞ ಸಲೀಂ ಅಲಿ ಅವರು ಇದನ್ನೇ ರಾಷ್ಟ್ರಪಕ್ಷಿ ಮಾಡಿ ಅಂದಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯ್ತು.

ಇವತ್ತು ಇಡೀ ದೇಶದಲ್ಲಿ ಉಳಿದಿರೋದು ಸುಮಾರು 150. ಹೆಚ್ಚಿನವು ರಾಜಸ್ಥಾನದಲ್ಲಿವೆ. ನಮ್ಮ ಕರ್ನಾಟಕದಲ್ಲಿ ಕೈಬೆರಳೆಣಿಕೆಯಷ್ಟು. ಎಲ್ಲಿ? ಸಿಂಧನೂರು ದಾಟಿ, ತುಂಗಭದ್ರೆಯ ಸೇತುವೆ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನಲ್ಲಿ. ನಮ್ಮ ಮನೆಯಿಂದ ಬೈಕಲ್ಲಿ ಹೋಗಿ ಸಂಜೆಯೊಳಗೆ ವಾಪಸ್ ಬರಬಹುದು. ನಾನು ವಿಮಾನ ಹತ್ತಿ ಬಂಗಾಳಕೊಲ್ಲಿ ದಾಟಿದ್ದೆ, ಈ ಹೊಳೆ ದಾಟಿರಲಿಲ್ಲ.

ಯಾಕೆ ಹೀಗಾಯ್ತು? ಇಲ್ಲಿ ನಾನು ಬೇರೆಯವರ ಕಡೆ ಬೆರಳು ತೋರಿಸೋಕಾಗಲ್ಲ. ಎರೆಭೂತಕ್ಕೆ ಬೇಕಾದ್ದು ಬಯಲು. ಮರ ಇಲ್ಲದ ಹುಲ್ಲುಗಾವಲು, ಮಳೆ ನಂಬಿದ ಜೋಳ, ಕಡಲೆ ಹೊಲ, ಅಲ್ಲಿರೋ ಮಿಡತೆ, ಹುಳ. ಮೊಟ್ಟೆಯನ್ನು ನೆಲದ ಮೇಲೇ ಇಡುತ್ತೆ, ಸಾಮಾನ್ಯವಾಗಿ ಒಂದೇ ಒಂದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ನದಿಯ ಎರಡೂ ಕಡೆ ಕಾಲುವೆ ಬಂತು. ಎರೆ ಹೊಲ ಭತ್ತದ ಗದ್ದೆ ಆಯ್ತು. ಸಿಂಧನೂರು ಭತ್ತದ ಕಣಜ ಆಯ್ತು. ಕಾಲುವೆ ಕೆಳಗಿನ ನನ್ನ ಸೋದರಮಾವನ ಹೊಲದ ಭತ್ತವೇ ನನ್ನ ಕಾಲೇಜು ಫೀಸು ಕಟ್ಟಿದ್ದು. ಆ ನೀರು ತಪ್ಪು ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಆದರೆ ಒಂದು ಮಾತು ಹೇಳಲೇಬೇಕು. ಸುತ್ತ ನೀರಾವರಿ, ರಸ್ತೆ, ಊರು, ತಂತಿ. ನಡುವೆ ಉಳಿದಿರೋ ಒಂದಿಷ್ಟು ಒಣ ಎರೆಭೂಮಿ. ಅದು ಏನು ಸ್ವಾಮಿ? ಅದೂ ದ್ವೀಪವೇ! ನಾರ್ಕೊಂಡಂಗೆ ಸುತ್ತ ಸಮುದ್ರ ಇದ್ದ ಹಾಗೆ, ಎರೆಭೂತಕ್ಕೆ ಸುತ್ತ ನಾವಿದ್ದೇವೆ.

ತಂತಿ ಅಂದೆನಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಈ ಹಕ್ಕಿಯ ಕಣ್ಣು ತಲೆಯ ಪಕ್ಕದಲ್ಲಿವೆ, ನೇರ ಮುಂದೆ ಇರೋದು ಸರಿಯಾಗಿ ಕಾಣಲ್ಲ. ಮೈ ಭಾರ. ಹೈಟೆನ್ಷನ್ ತಂತಿ ಹತ್ತಿರ ಬಂದಾಗ ಕಂಡರೂ ಸರಕ್ಕನೆ ತಿರುಗೋಕಾಗಲ್ಲ. ಡಿಕ್ಕಿ ಹೊಡೆದು ಬೀಳುತ್ತೆ. 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತಿನ ಬಸ್ಟರ್ಡ್ ಪ್ರದೇಶಗಳಲ್ಲಿ ತಂತಿಗಳನ್ನು ನೆಲದೊಳಗೆ ಹಾಕಿ ಅಂದಿತು. ಸೌರ ವಿದ್ಯುತ್ತೂ ದೇಶಕ್ಕೆ ಬೇಕು, ಎಲ್ಲ ತಂತಿಯನ್ನೂ ಹೂಳೋದು ಕಷ್ಟ ಅನ್ನೋ ವಾದ ಬಂತು. 2024ರಲ್ಲಿ ಕೋರ್ಟ್ ತನ್ನ ಆದೇಶ ಬದಲಿಸಿ ತಜ್ಞರ ಸಮಿತಿ ಮಾಡಿತು. ಎರಡೂ ಕಡೆ ನ್ಯಾಯ ಇದೆ, ಒಪ್ತೀನಿ. ಆದರೆ ತಂತಿ ಎಳೆಯೋ ಮೊದಲು ನಕ್ಷೆಯಲ್ಲಿ ಆ ಹೊಲಗಳನ್ನ ಬಿಟ್ಟು ಗೆರೆ ಹಾಕೋದಕ್ಕೆ ಏನು ಕಷ್ಟ? ಹಾಕಿಯಾಗಿದ್ದರೆ, ಹಕ್ಕಿಗೆ ದೂರದಿಂದಲೇ ಕಾಣುವಂತೆ ಹೊಳೆಯೋ ಬಿಲ್ಲೆ ಕಟ್ಟೋದಕ್ಕೆ?

ಇನ್ನೊಂದು, ಇದು ಮುಖ್ಯ. ಆ ದ್ವೀಪ ಉಳಿಸಿರೋದು ಅರಣ್ಯ ಇಲಾಖೆ ಒಂದೇ ಅಲ್ಲ. ಇವತ್ತಿಗೂ ಜೋಳ, ಕಡಲೆ ಬಿತ್ತುತ್ತಿರುವ ರೈತರೂ ಉಳಿಸಿದ್ದಾರೆ. ಜೋಳಕ್ಕೆ ಬೆಲೆ ಸಿಕ್ಕರೆ ಆ ರೈತ ನಾಳೆಯೂ ಜೋಳ ಬಿತ್ತುತ್ತಾನೆ. ಸಿಗದಿದ್ದರೆ ಬೋರ್ ಕೊರೆಸುತ್ತಾನೆ, ಇಲ್ಲವೇ ಹೊಲ ಮಾರುತ್ತಾನೆ. ಜೋಳದ ಬೆಲೆ ಹಕ್ಕಿಯ ಪ್ರಾಣದ ಪ್ರಶ್ನೆ ಕೂಡ ಹೌದು.

ಮಸ್ಕಿ ಅಂದರೆ ನಿಮಗೆ ಅಶೋಕ ನೆನಪಾಗ್ತಾನೆ. 1915ರಲ್ಲಿ ನಮ್ಮ ಗುಡ್ಡದಲ್ಲಿ ಸಿಕ್ಕ ಶಾಸನದಿಂದಲೇ ದೇವಾನಾಂಪ್ರಿಯ ಅಂದರೆ ಅಶೋಕ ಅನ್ನೋದು ಖಚಿತ ಆಗಿದ್ದು. ಅದೇ ದೊರೆ ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಉತ್ತರ ಭಾರತದ ಕಂಬಗಳ ಮೇಲೆ, ಕೊಲ್ಲಬಾರದ ಜೀವಿಗಳ ಪಟ್ಟಿ ಬರೆಸಿದ. ಗಿಳಿ, ಗೊರವಂಕ, ಚಕ್ರವಾಕ, ಹಂಸ ಎಲ್ಲ ಅದರಲ್ಲಿವೆ. ಆ ಕಾಲಕ್ಕೆ ಕೊಲ್ಲಬೇಡಿ ಅಂದರೆ ಸಾಕಿತ್ತು. ಇವತ್ತು ಎರೆಭೂತವನ್ನು ಕೊಲ್ಲಬೇಕು ಅಂತ ಯಾರಿಗೂ ಇಲ್ಲ. ಆದರೂ ಅದು ಸಾಯ್ತಾ ಇದೆ.

ಅಂಡಮಾನಿಗೆ ಹೋಗಿ, ಖಂಡಿತ ಹೋಗಿ. ನಲವತ್ತು ನಿಮಿಷ ಸುಮ್ಮನೆ ನಿಂತು ಬನ್ನಿ. ಆದರೆ ಈ ಕಾರ್ಯಕ್ರಮ ನೋಡಿ ನಾಳೆ ಬೆಳಿಗ್ಗೆ ಕ್ಯಾಮೆರಾ ಹಿಡ್ಕೊಂಡು ಸಿರುಗುಪ್ಪಕ್ಕೆ ಹೊರಡಬೇಡಿ. ಅದು ನಾಚಿಕೆಯ ಹಕ್ಕಿ, ಜನ ಕಂಡರೆ ಗೂಡಿನ ಜಾಗ ಬಿಟ್ಟು ಹೋಗುತ್ತೆ. ನಾನೂ ಹೋಗಿಲ್ಲ. ಅಂಡಮಾನಿನಿಂದ ಬಂದ ಮೇಲೆ ಊರಿಗೆ ಹೋದಾಗ ಸೇತುವೆಯ ಈಚೆಗೇ ಬೈಕ್ ನಿಲ್ಲಿಸಿ ವಾಪಸ್ ಬಂದೆ. ನನ್ನ ಹತ್ತಿರ ಅದರ ಒಂದು ಫೋಟೋ ಕೂಡ ಇಲ್ಲ. ಆ ಕಡೆ ಜೋಳದ ನಡುವೆ ಅದು ನಿಂತಿರಬಹುದು ಅಂದುಕೊಂಡೆ. ನನಗೆ ಅಷ್ಟು ಸಾಕು.